ಮಳೆ ನಿಲ್ಲುವವರೆಗೆ ಜ್ಞಾನ

ಮಳೆ ಬಂದು ಪಂದ್ಯ ನಿಂತಿತು. ನಿಂತ ಕೂಡಲೇ ಟಿವಿಯವರು ನನ್ನನ್ನು ಜ್ಞಾನಿಯಾಗಿಸಲು ಟೊಂಕ ಕಟ್ಟಿದರು. ಪರದೆಯ ತಳದಲ್ಲಿ ನೀಲಿ ಪಟ್ಟಿ, ‘ನಿಮಗಿದು ಗೊತ್ತೇ?’ ಎಂಬ ಪ್ರಶ್ನೆ, ಪಕ್ಕದಲ್ಲಿ ತಲೆ ಚೂಪಾದ ಮಳೆಹನಿಯ ಚಿತ್ರ. ಹನಿ ಹಾಗಿರುವುದಿಲ್ಲ ಮಹಾಶಯರೇ! ಸಣ್ಣದು ಗುಂಡಗಿರುತ್ತದೆ, ದೊಡ್ಡದರ ತಳ ಗಾಳಿಯ ಒತ್ತಡಕ್ಕೆ ಚಪ್ಪಟೆಯಾಗುತ್ತದೆ. ಇರಲಿ, ಜ್ಞಾನ ಹಂಚುವವರಿಗೂ ಅದು ಇರಲೇಬೇಕೆಂಬ ಕಡ್ಡಾಯವೇನಿಲ್ಲ.

ಮೊದಲು ಬಂದದ್ದು 1939ರ ಡರ್ಬನ್, ದಕ್ಷಿಣ ಆಫ್ರಿಕಾ–ಇಂಗ್ಲೆಂಡ್ ನಡುವಿನ, ಕಾಲಮಿತಿಯೇ ಇಲ್ಲದ ಟೆಸ್ಟ್. ಗುರಿ 696. ಮಾರ್ಚ್ 3ರಂದು ಶುರುವಾದದ್ದು 14ರಂದು ಮಳೆಗೆ ಸಿಕ್ಕಿದಾಗ ಇಂಗ್ಲೆಂಡ್ 5 ವಿಕೆಟ್‌ಗೆ 654. ಊರಿಗೆ ಹೋಗುವ ಹಡಗಿಗೆ ಹೊತ್ತಾಯಿತೆಂದು ಡ್ರಾ ಮಾಡಿಕೊಂಡು ಹೊರಟರು. ಆಟಕ್ಕೆ ಕಾಲಮಿತಿ ಇರಲಿಲ್ಲ, ಹಡಗಿಗೆ ಇತ್ತು!

ಮಳೆ ಜೋರಾಯಿತು, ಪಟ್ಟಿ ಸಂಗೀತಕ್ಕೆ ಹಾರಿತು. ಜರ್ಮನಿಯ ಹಾಲ್ಬರ್‌ಸ್ಟಾಟ್‌ನ ಹಳೆಯ ಚರ್ಚಿನಲ್ಲಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಕೇಜ್ ಅವರ ಕೃತಿಯೊಂದನ್ನು 2001ರಿಂದ ಆರ್ಗನ್ನಿನಲ್ಲಿ ನುಡಿಸುತ್ತಿದ್ದಾರೆ. ಮುಗಿಯುವುದು 2640ಕ್ಕೆ. ಆದಷ್ಟು ನಿಧಾನ ಎಂಬುದೇ ಕೃತಿಯ ಹೆಸರು, ಅಪ್ಪಣೆಯೂ ಅದೇ. ಮೊದಲ 17 ತಿಂಗಳು ಬರೀ ಮೌನ. ಈಗ ಸ್ವರ ಹಿಡಿದು ನಿಂತಿರುವುದು ಮನುಷ್ಯನ ಬೆರಳಲ್ಲ, ಪುಟ್ಟ ಮರಳಿನ ಚೀಲಗಳು. ಎಂಥ ಕಲಾವಿದರು! ವರ್ಷಗಟ್ಟಲೆ ಒಂದೇ ಸ್ವರ, ಬೇಸರವಿಲ್ಲ, ಸಂಭಾವನೆಯಿಲ್ಲ, ಮುಖ್ಯವಾಗಿ ಯಾರನ್ನೂ ‘ನಿಮಗಿದು ಗೊತ್ತೇ?’ ಎಂದು ಕೇಳುವುದಿಲ್ಲ. ಮಳೆ ಬಂದಾಗ ಸ್ಟುಡಿಯೊದಲ್ಲಿ ಇಂಥ ಎರಡು ಚೀಲಗಳನ್ನು ಕೂರಿಸಿದರೆ ನನ್ನ ಅಭ್ಯಂತರವಿಲ್ಲ.

ಆಮೇಲೆ ಬಂದೇ ಬಂತು 1992ರ ವಿಶ್ವಕಪ್‌ನ ಸಿಡ್ನಿ ಸೆಮಿಫೈನಲ್, ನಗುವ ಗೊಂಬೆಯ ಸಮೇತ. ಇಂಗ್ಲೆಂಡ್ ವಿರುದ್ಧ ದಕ್ಷಿಣ ಆಫ್ರಿಕಾಕ್ಕೆ 13 ಎಸೆತಕ್ಕೆ 22 ರನ್ ಬೇಕಿತ್ತು, ಮಳೆ ನಿಂತಾಗ ಫಲಕದಲ್ಲಿ 1 ಎಸೆತಕ್ಕೆ 22. ನಿಜವಾದ ಲೆಕ್ಕ 21, ಫಲಕವೂ ತಪ್ಪು. ‘ಮಳೆರಾಯನ ಆಟ!’ ಎಂದಿತು ಪಟ್ಟಿ.

ಮಳೆರಾಯ ಏನೂ ಮಾಡಲಿಲ್ಲ. ಎರಡು ಓವರ್ ಕಡಿತವಾದಾಗ, ಇಂಗ್ಲೆಂಡ್ ಅತಿ ಕಡಿಮೆ ರನ್ ಗಳಿಸಿದ್ದ ಎರಡು ಓವರ್‌ಗಳನ್ನು ಲೆಕ್ಕದಿಂದ ತೆಗೆಯಬೇಕೆಂದಿತ್ತು ನಿಯಮ. ಅಂದರೆ ದಕ್ಷಿಣ ಆಫ್ರಿಕಾದವರು ಅತ್ಯಂತ ಚೆನ್ನಾಗಿ ಎಸೆದಿದ್ದ ಓವರ್‌ಗಳನ್ನೇ. ಗುರಿ ಒಂದೇ ರನ್ ಇಳಿಯಿತು. ಚೆನ್ನಾಗಿ ದುಡಿದದ್ದಕ್ಕೆ ದಂಡ. ತಿಳಿದವರೇ ಕುಳಿತು ಒಪ್ಪಿದ್ದ ನಿಯಮವಿದು, ಆಕಾಶದಿಂದ ಬಿದ್ದದ್ದಲ್ಲ. ದಕ್ಷಿಣ ಆಫ್ರಿಕಾದ ಬ್ಯಾಟರ್ ಮೆಕ್‌ಮಿಲನ್ ಆ ಒಂದು ಎಸೆತಕ್ಕೆ ಒಂದು ರನ್ ತೆಗೆದು ನಡೆದುಹೋದರು. ಇದರಲ್ಲಿ ನಗುವಂಥದ್ದೇನಿದೆಯೋ ನನಗೆ ಕಾಣುವುದಿಲ್ಲ. ಪ್ರತಿ ಮಳೆಗೂ ತೋರಿಸುತ್ತಾರೆ, ಪ್ರತಿ ಮಳೆಗೂ ಕಾಣುವುದಿಲ್ಲ. ಸಾಕಾಗಿದೆ.

ಅಂತೂ ಮಳೆ ನಿಂತಿತು. ಹುಡುಗರು ಹೊದಿಕೆ ಎಳೆಯತೊಡಗಿದರು. ಆಟ ಎಷ್ಟು ಹೊತ್ತಿಗೆ, ಎಷ್ಟು ಓವರ್ ಎಂಬ ಸಾಲು ಪರದೆಯ ತಳದಲ್ಲಿ ಮೂಡಿತು. ಅದರ ಮೇಲೆ ನೀಲಿ ಪಟ್ಟಿ ಬಂದು ಕುಳಿತಿತು, ಅದೇ ಚೂಪುತಲೆಯ ಹನಿಯೊಂದಿಗೆ.