ಕೋಟೆಯಲ್ಲದ ಕಟ್ಟಡಗಳ ಪಾಡು

ಕಳೆದ ತಿಂಗಳು ಕಾಸರಗೋಡಿನ ಹಳೆಯ ಪೇಟೆಯಲ್ಲಿ ಒಂದು ಉಪ್ಪರಿಗೆ ಕಟ್ಟಡವನ್ನು ಕೆಡವಿದರು. ಕೆಳಗೆ ಜವಳಿ ಅಂಗಡಿ, ಮೇಲೆ ಒಂದು ಕಾಲಕ್ಕೆ ವಕೀಲರ ಕಚೇರಿ. ಮುರಕಲ್ಲಿನ ದಪ್ಪ ಗೋಡೆ, ಹಲಸಿನ ಹಲಗೆಯ ಮುಚ್ಚಿಗೆ, ರಸ್ತೆಗೆ ಮುಖಮಾಡಿದ ಗೋಡೆಯ ನೆತ್ತಿಯಲ್ಲಿ ಗಾರೆಯಿಂದ ಮೂಡಿಸಿದ ೧೯೩೧ ಎಂಬ ಇಸವಿ. ಜೆಸಿಬಿ ಕೆಲಸ ಮುಗಿಸಿದ್ದು ಮಧ್ಯಾಹ್ನದ ಊಟಕ್ಕೂ ಮೊದಲು. ಮರುದಿನ ಅಲ್ಲಿ ನಿಂತಿದ್ದ ಕೆಲವರು, ನಾನೂ ಸೇರಿದಂತೆ, ಕನ್ನಡ ಅಂಕಿಗಳು ಹೋದವಲ್ಲ ಎಂದು ಮರುಗಿದೆವು. ಮನೆಗೆ ಬಂದ ಮೇಲೆ ನನಗೆ ಆ ಮರುಕ ಸ್ವಲ್ಪ ಅಗ್ಗದ್ದೆನಿಸಿತು. ಕಟ್ಟಡ ನಿಂತಿದ್ದಾಗ ಅದರ ಸೋರುವ ಮಾಡಿನ ಬಗ್ಗೆ ನಮ್ಮಲ್ಲಿ ಒಬ್ಬರೂ ವಿಚಾರಿಸಿದವರಲ್ಲ.

ನಮ್ಮ ಜಿಲ್ಲೆಯಲ್ಲಿ ಚರಿತ್ರೆಯ ಮಾತು ಬಂದರೆ ಎಲ್ಲರೂ ಬೇಕಲದ ಕಡೆಗೆ ನೋಡುತ್ತಾರೆ. ಕೆಳದಿಯ ಶಿವಪ್ಪ ನಾಯಕ 17ನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದ ಆ ಕೋಟೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಇಂತಹ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿಯಿಲ್ಲದೆ ಏನನ್ನೂ ಕಟ್ಟುವಂತಿಲ್ಲ. ಚಂದ್ರಗಿರಿ ಕೋಟೆಯನ್ನು ರಾಜ್ಯದ ಪುರಾತತ್ತ್ವ ಇಲಾಖೆ ನೋಡಿಕೊಳ್ಳುತ್ತದೆ. ಮಧೂರಿನ ದೇವಸ್ಥಾನಕ್ಕೆ ಭಕ್ತರಿದ್ದಾರೆ, ತಳಂಗರೆಯ ಮಾಲಿಕ್ ದೀನಾರ್ ಮಸೀದಿಗೆ ಜಮಾತ್ ಇದೆ. ದಿಕ್ಕಿಲ್ಲದಿರುವುದು ಇವುಗಳ ನಡುವಿನ ಕಟ್ಟಡಗಳಿಗೆ: ಮದ್ರಾಸು ಸರಕಾರದ ಕಾಲದ ಕಚೇರಿಗಳು, 1907ರಲ್ಲಿ ಮಂಗಳೂರಿನ ತನಕ ರೈಲು ಓಡತೊಡಗಿದ ಮೇಲೆ ಬೆಳೆದ ಪೇಟೆಯ ಅಂಗಡಿಸಾಲುಗಳು, ಹಳೆಯ ಶಾಲೆಗಳು, ದೊಡ್ಡ ಮನೆಗಳು. ಇವು ಸ್ಮಾರಕಗಳಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಊರು ಊರಿನಂತೆ ಕಾಣುವುದು ಇವುಗಳಿಂದಲೇ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥವಾದಾಗ ರಸ್ತೆಬದಿಯ ಹಳೆಯ ಅಂಗಡಿಗಳು ಹೋದವು. ಅದು ಅನಿವಾರ್ಯವಾಗಿತ್ತು ಎಂದೇ ಇಟ್ಟುಕೊಳ್ಳೋಣ. ಉಳಿದವು ಹೋಗುತ್ತಿರುವುದು ಯಾವ ಅನಿವಾರ್ಯದಿಂದ?

ಹಳೆಯ ಮನೆ ಕೆಡವುವವರನ್ನು ದುರಾಸೆಯವರು ಎಂದು ಬೈಯುವುದು ಸುಲಭ. ನಾನು ಕಂಡಂತೆ ನಮ್ಮಲ್ಲಿ ಮನೆ ಬೀಳುವುದು ಹೆಚ್ಚಾಗಿ ಪಾಲುಪಟ್ಟಿಯಿಂದ. ದೊಡ್ಡ ಮನೆಯೊಂದರ ಮಾಡು ನಿಲ್ಲಲು ಪ್ರತಿ ವರ್ಷ ಪತ್ತನಾಜೆಗೆ (ಮೇ ಕೊನೆಗೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ದಿನ) ಮೊದಲು ಯಾರಾದರೂ ಮೇಲೆ ಹತ್ತಿ ಒಡೆದ ಹಂಚು ತೆಗೆದು ಹೊಸದು ಕೂರಿಸಬೇಕು, ಗೆದ್ದಲು ಹಿಡಿದ ಪಕ್ಕಾಸು, ಅಂದರೆ ಮಾಡಿನ ಓರೆ ಮರ, ಬದಲಿಸಬೇಕು. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಎರಡು ಮಳೆಗಾಲ ಈ ಕೆಲಸ ತಪ್ಪಿದರೆ ಮೂರನೆಯದಕ್ಕೆ ಗೋಡೆಯೇ ಕುಸಿಯತೊಡಗುತ್ತದೆ. ಹಿಂದೆ ಈ ಖರ್ಚು ಹುಟ್ಟುತ್ತಿದ್ದುದು ಗೇಣಿಯಿಂದ. 1970ರ ಜನವರಿ 1ರಂದು ಕೇರಳದಲ್ಲಿ ಭೂಸುಧಾರಣೆ ಜಾರಿಗೆ ಬಂದು ಉಳುವವರಿಗೆ ನೆಲ ಸಿಕ್ಕಿತು; ಅದು ನ್ಯಾಯವೇ, ಆ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ಆದರೆ ಆ ಮನೆಗಳ ಮಾಡಿಗೆ ಹಂಚು ಹಾಕಿಸುತ್ತಿದ್ದ ಆದಾಯವೂ ಅಂದಿಗೆ ನಿಂತಿತು. 1976ರ ಡಿಸೆಂಬರಿನಲ್ಲಿ ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದುಗೊಳಿಸಿದ ಕಾಯಿದೆ ಬಂದು, ತಾಯಿಯ ಕಡೆಯಿಂದ ಸೊತ್ತು ಸಾಗುವ ಅಳಿಯಕಟ್ಟಿನ ಮನೆಗಳೂ ಸೇರಿದಂತೆ ಎಲ್ಲ ಕೂಡುಕುಟುಂಬಗಳ ಸೊತ್ತಿನಲ್ಲಿ ಒಬ್ಬೊಬ್ಬರಿಗೂ ಬೇರೆಬೇರೆ ಪಾಲು ಹುಟ್ಟಿತು. ಪಾಲುದಾರರು ಮುಂಬಯಿಯಲ್ಲಿ, ದುಬೈಯಲ್ಲಿ, ಬೆಂಗಳೂರಿನಲ್ಲಿ. ಎಲ್ಲರದ್ದೂ ಆದ ಮನೆಗೆ ಹಂಚು ಕೂರಿಸುವುದು ಯಾರ ಕೆಲಸವೂ ಅಲ್ಲ.

ದೈವದ ಚಾವಡಿ ಇರುವ ಮನೆಗಳು ಮಾತ್ರ ಹೇಗೋ ಉಳಿದುಕೊಂಡಿವೆ ಎಂಬುದನ್ನು ಗಮನಿಸಬೇಕು. ವರ್ಷಕ್ಕೊಮ್ಮೆ ನೇಮಕ್ಕೋ ತಂಬಿಲಕ್ಕೋ ಕುಟುಂಬದವರು ಸೇರಲೇಬೇಕಾದ್ದರಿಂದ ಅಲ್ಲಿ ಲೆಕ್ಕ ಹಾಕಿ ಹಣ ಕೂಡಿಸುವ ಒಂದು ವ್ಯವಸ್ಥೆ ತಾನಾಗಿಯೇ ನಡೆದುಬಂದಿದೆ. (ಜೀರ್ಣೋದ್ಧಾರದ ಹೆಸರಿನಲ್ಲಿ ಅಲ್ಲಿಯೂ ಗ್ರಾನೈಟ್ ಹಾಸು, ಹೊಳೆಯುವ ವಾರ್ನಿಶು ಬಂದು ಕುಳಿತಿವೆ ಎಂಬುದು ಬೇರೆ ಮಾತು.)

ಇದನ್ನೆಲ್ಲ ದೂರದಲ್ಲಿ ನಿಂತು ಹೇಳುತ್ತಿಲ್ಲ. ಕುಂಬಳೆಯ ಒಳಭಾಗದಲ್ಲಿದ್ದ ನನ್ನ ತಾಯಿಮನೆಗೆ ಹಕ್ಕುದಾರರು 11 ಮಂದಿ. ಕೆಡವಲು ಒಪ್ಪಿಗೆಯೆಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕೊನೆಯವರೆಗೆ ಅಲ್ಲಿದ್ದ ಮಾವ, "ತೆಗೆಸಿಬಿಡಿ ಅಳಿಯಾ, ಇನ್ನೊಂದು ಮಳೆ ಹಿಡಿದರೆ ಮರವೂ ಸಿಗಲಿಕ್ಕಿಲ್ಲ," ಎಂದರು. ಮರ ಸಿಕ್ಕಿತು. ಚಾವಡಿಯ ನಾಲ್ಕು ಕಂಬಗಳನ್ನು ಹಳೆ ಮರದ ವ್ಯಾಪಾರಿಯೊಬ್ಬರು ಲಾರಿಯಲ್ಲಿ ಹೇರಿಕೊಂಡು ಹೋದರು; ಈಗ ಅವು ಯಾವುದೋ ರೆಸಾರ್ಟಿನ ಮುಂಬಾಗಿಲಲ್ಲಿ ನಿಂತಿರಬೇಕು. ನನ್ನ ಪಾಲಿಗೆ ಬಂದ ಹಣ ಎಷ್ಟೆಂದು ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಕಡಿಮೆ.

ಉಳಿಸಲು ಹೊರಟವರೂ ಕೆಲವೊಮ್ಮೆ ಕೆಡಿಸುತ್ತಾರೆ. ಮುರಕಲ್ಲು ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿ ತಾಗಿದಂತೆ ಗಟ್ಟಿಯಾಗುವ ಕಲ್ಲು. 1800-01ರಲ್ಲಿ ಈ ಕರಾವಳಿಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡೇ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಎಂದು ಹೆಸರಿಟ್ಟ. ಈ ಕಲ್ಲಿನ ಗೋಡೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಬೇಸಗೆಯಲ್ಲಿ ಬಿಡುತ್ತದೆ. ಸುಣ್ಣದ ಗಾರೆ ಆ ತೇವಕ್ಕೆ ಹೊರಗೆ ಹೋಗಲು ದಾರಿ ಕೊಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೈಂಟ್ ಹೊಡೆದರೆ ನೀರು ಒಳಗೇ ನಿಂತು ಗೋಡೆಯನ್ನೂ ತೊಲೆಯ ತುದಿಯನ್ನೂ ತಿನ್ನುತ್ತದೆ. ನಾಲ್ಕು ವರ್ಷದಲ್ಲಿ ಸಿಮೆಂಟ್ ಹಪ್ಪಳದಂತೆ ಎದ್ದು ಬರುವಾಗ, ಹಳೆಯ ಗೋಡೆಯ ಹಣೆಬರಹವೇ ಇಷ್ಟು ಎನ್ನುತ್ತಾರೆ. ಚಿಪ್ಪಿನ ಸುಣ್ಣವನ್ನು ಹದ ಮಾಡಬಲ್ಲ ಮೇಸ್ತ್ರಿಗಳು ಈಗ ಬೆರಳೆಣಿಕೆಯಷ್ಟು. ಅವರ ಕೈಕೆಳಗೆ ನಾಲ್ಕು ಹುಡುಗರನ್ನು ಕೂರಿಸುವುದಕ್ಕಿಂತ ದೊಡ್ಡ ಸಂರಕ್ಷಣಾ ಯೋಜನೆ ನನಗೆ ತೋಚುವುದಿಲ್ಲ.

ಕೇರಳದ ಕಟ್ಟಡ ನಿಯಮಗಳಲ್ಲಿ ಪಾರಂಪರಿಕ ಕಟ್ಟಡಗಳ ವಿಚಾರ ಇಲ್ಲದಿಲ್ಲ. ಅದಕ್ಕೆಂದೇ ಕಲೆ ಮತ್ತು ಪರಂಪರೆಯ ಆಯೋಗವೊಂದಿದೆ. ಆದರೆ ತಿರುವನಂತಪುರದಲ್ಲಿ ಕೂತವರಿಗೆ ನಮ್ಮ ಓಣಿಯ ಉಪ್ಪರಿಗೆಗಳ ಲೆಕ್ಕ ಸಿಗಬೇಕಾದರೆ ಮೊದಲು ಲೆಕ್ಕ ಎಂಬುದು ಇಲ್ಲಿ ಇರಬೇಕು. ನಗರಸಭೆ 75 ವರ್ಷ ದಾಟಿದ ಕಟ್ಟಡಗಳ ಒಂದು ದಾಖಲೆ ಪುಸ್ತಕ ಮಾಡಲಿ. ಕೆಡವಲು ಹೊರಟವರು 60 ದಿನ ಮೊದಲು ತಿಳಿಸಲಿ, ಆ ಅವಧಿಯಲ್ಲಿ ಅಳತೆ ತೆಗೆದು ಚಿತ್ರ ಹಿಡಿದಿಡಲು ಸಾಧ್ಯವಾಗಲಿ. ತಡೆಯಬೇಕೆಂದು ನಾನು ಹೇಳುತ್ತಿಲ್ಲ, ಮಾಲಿಕನ ಕೈಕಟ್ಟಿ ಹಾಕಿದರೆ ಆತ ಮಾಡಿನ ಎರಡು ಹಂಚು ಸರಿಸಿಟ್ಟು ಮಳೆಯ ಕೈಯಲ್ಲಿ ಕೆಲಸ ಮಾಡಿಸುತ್ತಾನೆ. ದುರಸ್ತಿ ಮಾಡಿಸಿದವರಿಗೆ ಕಟ್ಟಡ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರೆ ಖಜಾನೆ ಬರಿದಾಗದು. ಫೋರ್ಟ್ ಕೊಚ್ಚಿಯಂತೆ ಎಲ್ಲವನ್ನೂ ಹೋಮ್‌ಸ್ಟೇ ಮಾಡುವ ಕನಸು ಇಲ್ಲಿ ಬೇಡ, ಅಷ್ಟು ಪ್ರವಾಸಿಗರು ನಮ್ಮ ಪೇಟೆಗೆ ಬರುವುದಿಲ್ಲ. ಟೈಲರ್ ಅಂಗಡಿ, ದಂತವೈದ್ಯರ ಕ್ಲಿನಿಕ್, ಟ್ಯೂಷನ್ ತರಗತಿ ಇವು ಸಾಕು. ಜನ ಹತ್ತಿ ಇಳಿಯುವ ಏಣಿಮೆಟ್ಟಿಲಿಗೆ ಗೆದ್ದಲು ಹಿಡಿದರೆ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತದೆ.

ಇನ್ನು ಆ ಕನ್ನಡ ಅಂಕಿಗಳ ವಿಚಾರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಇಲ್ಲಿ ಕನ್ನಡದ ಬೋರ್ಡುಗಳು ಒಂದೊಂದಾಗಿ ಇಳಿದವು, ಗಾರೆಯಲ್ಲಿ ಮೂಡಿದ ಅಕ್ಷರಗಳು ಮಾತ್ರ ಇಳಿಯಲಿಲ್ಲ. ಆದ್ದರಿಂದ ನಮಗೆ ಅವುಗಳ ಮೇಲೆ ಹೆಚ್ಚಿನ ಮೋಹವಿರುವುದು ಸಹಜ. ಆದರೆ ಆ ಮರವನ್ನು ಕೆತ್ತಿದವರು, ಅಲ್ಲಿ ವ್ಯಾಪಾರ ಮಾಡಿದವರು, ಬಾಡಿಗೆಗೆ ಇದ್ದವರು ತುಳು, ಬ್ಯಾರಿ, ಕೊಂಕಣಿ, ಮಲೆಯಾಳ ಮಾತಾಡುತ್ತಿದ್ದವರೂ ಹೌದು. ಇದನ್ನು ಬರೀ ಕನ್ನಡಿಗರ ಅಳಲೆಂದು ಮುಂದಿಟ್ಟರೆ ನಗರಸಭೆಯಲ್ಲಿ ಕೇಳುವವರು ಇಬ್ಬರು, ಎಲ್ಲರ ಪೇಟೆಯೆಂದು ಮುಂದಿಟ್ಟರೆ ಇಪ್ಪತ್ತು ಮಂದಿ.

ಕೆಡವಿದ ಕಟ್ಟಡದಿಂದ ಮೂರು ಅಂಗಡಿ ಆಚೆಗೆ ಅದೇ ಕಾಲದ ಇನ್ನೊಂದು ಉಪ್ಪರಿಗೆಯಿದೆ. ಅದರ ಒಡತಿ, ವಯಸ್ಸಾದ ತಾಯಿಯೊಬ್ಬರು, ಮಾರುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ನೀರ್ಚಾಲಿನ ಕಡೆಯಿಂದ ಒಬ್ಬ ಬಡಗಿ ಬರಲು ಒಪ್ಪಿದ್ದಾರೆ, ಪಕ್ಕಾಸಿಗೆ ಬೇಕಾದ ಮರ ಸಿಕ್ಕಿದೆ. ಕೊರತೆಯಿರುವುದು ಹಂಚಿಗೆ: ಹಳೆಯ ಅಳತೆಯ ಮಂಗಳೂರು ಹಂಚು ಸುಮಾರು 400 ಬೇಕು, ಈಗಿನದು ರೀಪಿಗೆ ಸರಿಯಾಗಿ ಕೂರುವುದಿಲ್ಲ. ನಿಮ್ಮಲ್ಲಿ ಯಾರಾದರೂ ಈ ಬೇಸಗೆಯಲ್ಲಿ ಹಳೆಯ ಮಾಡು ಬಿಚ್ಚಿಸುವವರಿದ್ದರೆ ದಯವಿಟ್ಟು ಹಂಚನ್ನು ಮೇಲಿನಿಂದ ಎಸೆಯಿಸಬೇಡಿ, ನನಗೊಂದು ಮಾತು ತಿಳಿಸಿ. ಪತ್ತನಾಜೆಗೆ ಇನ್ನು ಹೆಚ್ಚು ದಿನವಿಲ್ಲ.