ಏಣಿಯ ಎಷ್ಟನೇ ಮೆಟ್ಟಿಲು, ಕಾಕು?

ಹೋದ ವಾರ ವಿಜಯಪುರದ ನಮ್ಮ ಓಣಿಗೆ ಒಬ್ಬ ಹುಡುಗ ಟ್ಯಾಬ್ ಹಿಡಿದು ಬಂದಿದ್ದ. ಸರ್ಕಾರದ ದುಡ್ಡು ಬಂದ ಮೇಲೆ ಜನ ಎಷ್ಟು ಖುಷಿಯಾಗಿದ್ದಾರೆ ಅಂತ ಬರೆದುಕೊಳ್ಳಬೇಕಂತೆ. ಮೊದಲು ಸಿಕ್ಕವಳು ಪಕ್ಕದ ಮನೆಯ ಕಾಕು. ಕಟ್ಟೆ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

"ಕಾಕು, ಒಂದು ಏಣಿ ಅಂತ ತಿಳ್ಕೊಳ್ಳಿ. ಕೆಳಗೆ ಸೊನ್ನೆ, ತುದಿಗೆ ಹತ್ತು. ನಿಮ್ಮ ಜೀವನ ಎಷ್ಟನೇ ಮೆಟ್ಟಿಲ ಮೇಲಿದೆ?"

"ಮಣಕಾಲ ನೋವೈತಪ್ಪಾ. ಏಣಿ ಗೀಣಿ ಹತ್ತಾಕ ಆಗೂದಿಲ್ಲ."

ಹುಡುಗ ಟ್ಯಾಬ್ ತಿರುವಿ ನೋಡಿದ. ಮಣಕಾಲಿಗೆ ಕಾಲಂ ಇರಲಿಲ್ಲ.

ಈ ಏಣಿ ನಮ್ಮೂರಿನದಲ್ಲ. 1965ರಲ್ಲಿ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ನಿಲ್ಲಿಸಿ ಹೋದದ್ದು. ವಿಶ್ವ ಸಂತೋಷ ವರದಿಯವರು ದೇಶದೇಶಗಳನ್ನು ಇದರ ಮೇಲೇ ಹತ್ತಿಸಿ ಇಳಿಸುತ್ತಾರೆ. 2018ರಿಂದ 2025ರವರೆಗೆ ಎಂಟು ವರ್ಷ ಫಿನ್‌ಲ್ಯಾಂಡ್‌ನವರು ಎಲ್ಲರಿಗಿಂತ ಮೇಲೆ ಕೂತವರು ಇಳಿದೇ ಇಲ್ಲ. ಅವರಿಗೆ ಮಣಕಾಲು ನೋವಿಲ್ಲ ಅಂತ ಕಾಣುತ್ತೆ.

ಹಾಗಂತ ಕಾಕುಗೆ ಖುಷಿ ಆಗಲಿಲ್ಲ ಅಂದರೆ ಸುಳ್ಳಾಗುತ್ತೆ. 2023ರ ಆಗಸ್ಟ್ 30ಕ್ಕೆ ಗೃಹಲಕ್ಷ್ಮಿ ಶುರುವಾಯಿತು. ಮೊದಲ ಎರಡು ಸಾವಿರ ಬಂದ ದಿನ ಮೊಬೈಲ್ 'ಟಣ್' ಅಂದಿತು. ಓದಲು ಬಾರದ ಕಾಕು ಆ ಮೆಸೇಜನ್ನು ನಾಲ್ಕು ಮನೆಗೆ ಒಯ್ದು ನಾಲ್ಕು ಸಲ ಓದಿಸಿದಳು. ಮಗನ ಕೈ ನೋಡದೆ ಮಣಕಾಲಿಗೆ ಎಣ್ಣೆ ತಂದಳು. ಅವತ್ತು ಯಾರಾದರೂ ಏಣಿ ತಂದಿದ್ದರೆ ಓಡಿಕೊಂಡೇ ಹತ್ತುತ್ತಿದ್ದಳು. ಆದರೆ ಏಣಿಯವರು ಅಂಥ ದಿನ ಬರುವುದಿಲ್ಲ, ಅಲ್ವಾ?

ಮುಂದೊಂದು ದಿನ ಟಣ್ ನಿಂತಿತು. ಕಾಕು ಬ್ಯಾಂಕಿಗೆ ಹೊರಟಳು. ಬಸ್ಸಿಗೆ ಶಕ್ತಿ ಯೋಜನೆ ಇದೆ, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಬ್ಯಾಂಕಿನವರು ಆಧಾರ್ ಜೋಡಣೆ ಆಗಿಲ್ಲ, ಹೆಬ್ಬೆಟ್ಟು ಒತ್ತು ಅಂದರು. ನಲವತ್ತು ವರ್ಷ ರೊಟ್ಟಿ ಬಡಿದ ಕೈ. ಇದ್ದಬದ್ದ ಗೆರೆಗಳೆಲ್ಲ ರೊಟ್ಟಿ ಜೊತೆ ಹಂಚಿಗೆ ಹೋಗಿವೆ. ಯಂತ್ರ ಕೆಂಪು ದೀಪ ತೋರಿಸಿತು. ನಾಳೆ ಬಾ ಅಂದರು. ನಾಳೆ ಹೋದರೆ ಸರ್ವರ್ ಇರಲಿಲ್ಲ. ಆಚೆ ನಾಳೆ ಹೋದರೆ ಸರ್ವರ್ ಇತ್ತು, ಸಾಹೇಬರು ಇರಲಿಲ್ಲ.

ಇಷ್ಟು ಹೊತ್ತಿಗೆ ಎದುರು ಮನೆಯ ರಿಟೈರ್ಡ್ ಮಾಸ್ತರರು ಹೊರಬಂದು, "ಬಿಟ್ಟಿ ತಿಂದು ಜನ ಸೋಮಾರಿ ಆಗ್ಯಾರ, ಬರಕೋ" ಅಂದರು. ಅವರ ಕೈಯಲ್ಲಿ ಬೀಸಣಿಗೆ ಇತ್ತು. ನೋಡಿದರೆ ಗೃಹಜ್ಯೋತಿಯ ಶೂನ್ಯ ಬಿಲ್ಲು, ನಾಲ್ಕು ಮಡಿಕೆ ಮಡಚಿದ್ದರು.

ಹುಡುಗನಿಗೆ ಹೊತ್ತಾಗುತ್ತಿತ್ತು. "ಕಾಕು, ಒಂದು ನಂಬರ್ ಹೇಳ್ರಿ ಸಾಕು."

ಕಾಕು ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಬ್ಯಾಂಕಿಗೆ ತಿರುಗಿದ ಟಿಕೆಟ್‌ಗಳನ್ನೆಲ್ಲ ಅದರಲ್ಲಿ ಜೋಪಾನ ಇಟ್ಟಿದ್ದಳು. "ಎಲ್ಲಾದ್ರಾಗೂ ಸೊನ್ನೀನ ಐತಿ. ನೀನ ನೋಡು."

ಹುಡುಗ ಒಂದೊಂದಾಗಿ ಎಣಿಸಿದ. ಏಳು ಇದ್ದವು. ಏಳು ಅಂತ ಒತ್ತಿ ಮುಂದಿನ ಮನೆಗೆ ಹೋದ.

2025ರ ವರದಿಯಲ್ಲಿ ಫಿನ್‌ಲ್ಯಾಂಡಿನವರ ಸರಾಸರಿ 7.7.