ಕಾಕಾನ ಕಾನೂನು

ಬಾಗಲಕೋಟೆಯಲ್ಲಿ ಕಾನೂನು ಗೊತ್ತಿಲ್ಲದ ಹಿರಿಯರನ್ನು ಹುಡುಕುವುದು ಕಷ್ಟ. ಆಲಮಟ್ಟಿಯ ಹಿನ್ನೀರು ಬಂದು, ಜನ ನವನಗರದ ಸೆಕ್ಟರುಗಳಿಗೆ ಗಂಟುಮೂಟೆ ಕಟ್ಟಿದ ಮೇಲೆ ಅವರೆಲ್ಲ ಪರಿಹಾರ, ಹೆಚ್ಚುವರಿ ಪರಿಹಾರ, ತಾರೀಖು ಎನ್ನುತ್ತಲೇ ಮುದುಕರಾದವರು. ಸರ್ಕಾರ ಕೊಟ್ಟ ದರ ಸಾಲದೆಂದು ಕೋರ್ಟಿಗೆ ಹೋಗುವ ದಾರಿ, ಅಂದರೆ ಆಗ ಜಾರಿಯಲ್ಲಿದ್ದ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಂ, ಅವರಿಗೆ ಬಾಯಿಪಾಠ.

ನಮ್ಮ ಕಾಕಾ ಆ ಪೈಕಿ. ಮುಳುಗಡೆ ಕೇಸಿಗಾಗಿ ವರ್ಷಗಟ್ಟಲೆ ಕೋರ್ಟಿನ ಕಟ್ಟೆ ಸವೆಸಿದ್ದರಿಂದ ತಾವು ಅರ್ಧ ವಕೀಲರು ಎಂಬ ನಂಬಿಕೆ. ಚಹಾದಂಗಡಿಯಲ್ಲಿ ಅವರ ಸಲಹೆ ಪುಕ್ಕಟೆ. ಚಹಾದ ದುಡ್ಡು ಮಾತ್ರ ಕೇಳಿದವರದು. ಸೈಟು ಕೊಳ್ಳಹೊರಟ ಹುಡುಗನಿಗೆ, "ಬಾಂಡ್ ಪೇಪರ್ ಮೇಲೆ ಬರೆಸಿ ನೋಟರಿ ಮಾಡಿಸು, ಸಾಕು" ಎಂದರು. ನೂರು ರೂಪಾಯಿ ಬೆಲೆಯ ಜಾಗವಾದರೂ ಖರೀದಿ ಪತ್ರ ನೋಂದಣಿಯಾಗಲೇಬೇಕೆಂದು 1908ರ ನೋಂದಣಿ ಕಾಯ್ದೆಯೇ ಹೇಳುತ್ತದೆ. ನೂರು ರೂಪಾಯಿಗೆ ಈಗ ಸೈಟಿನ ಮೂಲೆಯಲ್ಲಿ ನಿಲ್ಲಲೂ ಯಾರೂ ಬಿಡುವುದಿಲ್ಲ, ಆ ಮಾತು ಬೇರೆ. ಮಿಕ್ಸರ್ ಸುಟ್ಟುಹೋದ ಪಕ್ಕದ ಮನೆಯ ಟೀಚರಿಗೆ ಮಾತ್ರ, "ಧಾರವಾಡದ ಹೈಕೋರ್ಟ್ ಪೀಠದಲ್ಲಿ ದೊಡ್ಡ ವಕೀಲರ ಪರಿಚಯವಿದೆ" ಎಂದರು! ಗ್ರಾಹಕರ ಆಯೋಗದಲ್ಲಿ ಆಕೆ ತಾನೇ ನಿಂತು ವಾದಿಸಬಹುದಿತ್ತು. ಐದು ಲಕ್ಷದವರೆಗಿನ ಸರಕಿಗೆ ಅಲ್ಲಿ ಶುಲ್ಕವೂ ಇಲ್ಲ.

ಇಂಥ ಕಾಕಾನಿಗೇ ಒಂದು ಚೆಕ್ ಬೌನ್ಸ್ ಆಯಿತು. ಅರವತ್ತು ಸಾವಿರದ ಕೈಗಡಕ್ಕೆ ಬಂದ ಚೆಕ್ಕು, ಖಾತೆಯಲ್ಲಿ ಹಣ ಸಾಲದು ಎಂಬ ಚೀಟಿಯೊಂದಿಗೆ ಮರಳಿತು. ಕಾಕಾ ಎರಡನ್ನೂ ಬನಶಂಕರಿಯ ಫೋಟೋ ಹಿಂದೆ ಸಿಕ್ಕಿಸಿ ಕೈಮುಗಿದರು. ಸಾಲಗಾರ "ಅಮಾವಾಸ್ಯೆ ಮುಗಿಯಲಿ ಕಾಕಾ" ಎಂದ. ಮುಗಿಯಿತು. "ಕಬ್ಬಿನ ಬಿಲ್ಲು ಬರಲಿ" ಎಂದ. ಅದು ಯಾವಾಗ ಬರುತ್ತದೆಂದು ಬನಶಂಕರಿಗೂ ಗೊತ್ತಿರಲಿಕ್ಕಿಲ್ಲ.

ಕೊನೆಗೆ ಕಾಕು ಬೈದು ಅವರನ್ನು ವಕೀಲರ ಹತ್ತಿರ ಅಟ್ಟಿದರು, ಜೊತೆಗೆ ನಾನು. ವಕೀಲರು ಚೀಟಿಯನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಮೆಲ್ಲಗೆ ಕೆರೆದರು.

"ತಾರೀಖಿನ ಮೇಲೆ ಕುಂಕುಮ ಬಿದ್ದಿದೆಯಲ್ಲ, ಯಜಮಾನರೇ?"

ಕುಂಕುಮದ ಕೆಳಗಿಂದ ತಾರೀಖು ಹೊರಬಂತು. ಚೀಟಿ ಕೈಸೇರಿದ 30 ದಿನದೊಳಗೆ ನೋಟಿಸ್ ಕೊಡಬೇಕಿತ್ತು. ಅದು ಎಂದೋ ದಾಟಿತ್ತು.

"ತಾಯಿಯ ಮುಂದೆಯೇ ಇಟ್ಟಿದ್ದೆನಲ್ಲ!"

"ತಾಯಿ ನೋಟಿಸ್ ಕೊಡುವುದಿಲ್ಲ, ನಾವೇ ಕೊಡಬೇಕು" ಎಂದ ವಕೀಲರು ಚೆಕ್ಕಿನ ತಾರೀಖು ನೋಡಿದರು. ಚೆಕ್ಕಿನ ಆಯಸ್ಸು ಮೂರು ತಿಂಗಳು, ಅದು ತುಂಬಲು ಇನ್ನೂ ವಾರವಿತ್ತು. "ಇವತ್ತೇ ಮತ್ತೆ ಬ್ಯಾಂಕಿಗೆ ಹಾಕಿ. ಮತ್ತೆ ಬೌನ್ಸ್ ಆದರೆ 30 ದಿನ ಹೊಸದಾಗಿ ಶುರುವಾಗುತ್ತದೆ."

ಆ ವಾರ ಮನೆಯಲ್ಲಿ ವಿಚಿತ್ರ ಹರಕೆ ನಡೆಯಿತು. ಸಾಲಗಾರನ ಖಾತೆಗೆ ಅರೆಬರೆ ದುಡ್ಡು ಬಂದು ಗೊಂದಲವಾಗದಿರಲಿ, ಚೆಕ್ಕು ನೆಟ್ಟಗೆ ಬೌನ್ಸ್ ಆಗಲಿ ಎಂದು ಕಾಕಾ ಬೇಡಿಕೊಂಡರು. ಆಯಿತು. ಚೆಕ್ ಬೌನ್ಸ್ ಆಯಿತೆಂದು ಓಣಿಗೆಲ್ಲ ಅಮೀನಗಡದ ಕರದಂಟು ಹಂಚಿದವರು ಬಾಗಲಕೋಟೆಯಲ್ಲಿ ಇನ್ನೊಬ್ಬರಿರಲಾರರು. ನೋಟಿಸ್ ಹೋಯಿತು. ದುಡ್ಡು ಕೊಡಲು 15 ದಿನದ ಗಡುವು. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಸಾಲಗಾರ ಅಷ್ಟು ದೂರ ಎಳೆಯಲಿಲ್ಲ, ಕಬ್ಬಿನ ಬಿಲ್ಲಿಗೂ ಕಾಯಲಿಲ್ಲ.

ಚಹಾದಂಗಡಿಯಲ್ಲಿ ಈ ಕಥೆ ಈಗ "ನಾನು ನೋಟಿಸ್ ಜಡಿದಾಗ" ಎಂದು ಆರಂಭವಾಗುತ್ತದೆ. ಸುದ್ದಿ ಮುಧೋಳಕ್ಕೂ ಮುಟ್ಟಿ, ಹಬ್ಬಕ್ಕೆ ಬಂದ ನಮ್ಮ ಸೋದರತ್ತೆ ಊಟಕ್ಕೆ ಕುಳಿತಾಗ ಕೇಳಿದರು:

"ತಮ್ಮಾ, ಅಪ್ಪನ ಹೆಸರಿನಲ್ಲೇ ಇರುವ ಆ ಹೊಲದ ಉತಾರ... ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಸಮಪಾಲು ಅಂತಲ್ಲ, ನಿಜವೇನು?"

ಕಾಕಾ ರೊಟ್ಟಿ ಮುರಿಯುವುದರಲ್ಲಿ ಮಗ್ನರಾದರು. "ಅದೆಲ್ಲ ಬಹಳ ತೊಡಕಿನ ವಿಷಯ, ಅಕ್ಕಾ. ವಕೀಲರನ್ನೇ ಕೇಳಬೇಕು."

"ಕೇಳಿದೆನಪ್ಪ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ವಕೀಲರು ಪುಕ್ಕಟೆಯಂತೆ, ಆದಾಯ ಎಷ್ಟೆಂದೂ ನೋಡುವುದಿಲ್ಲವಂತೆ. ಸೋಮವಾರ ಬಾ ಎಂದಿದ್ದಾರೆ."